ಕಿಟಕಿಯಿಲ್ಲದ ಟೇಸ್ಟಿಂಗ್ ರೂಮ್

ನನ್ನ ನಾದಿನಿ ಶಿವಕುಮಾರಿಗೆ ಸಿಟ್ಟು ಬರುವುದು ಅಪರೂಪ. ಬಂದರೆ ಒಂದೇ ಕಾರಣಕ್ಕೆ. ಮನೆ ಕಟ್ಟಿಸುವವರು ಸೈಟಿನಲ್ಲಿರುವ ಗಿಡ ಮರವನ್ನೆಲ್ಲ ಕಡಿಸಿ, ಏರುತಗ್ಗನ್ನೆಲ್ಲ ಸಮ ಮಾಡಿಸಿ, ಆಮೇಲೆ ನಿಧಾನವಾಗಿ ಆರ್ಕಿಟೆಕ್ಟ್ ಹತ್ತಿರ ಬರುತ್ತಾರಲ್ಲ, ಅದಕ್ಕೆ. "ಮನೆ ನೋಡಿದ್ರೆ ನಿನ್ನೆ ಲಾರೀಲಿ ತಂದು ಇಳಿಸಿದ ಹಾಗಿರಬಾರ್ದು ಅತ್ತಿಗೆ," ಎನ್ನುತ್ತಾಳೆ. ತ್ಯಾಗರಾಜನಗರದ ಒಬ್ಬ ಬ್ಯಾಂಕ್ ಮ್ಯಾನೇಜರಿಗೆ ಮನೆ ಮಾಡಿಕೊಡುವಾಗ ಮೂಲೆಯಲ್ಲಿದ್ದ ಸಂಪಿಗೆ ಮರ ಉಳಿಯಲೇಬೇಕೆಂದು ಹಠ ಹಿಡಿದು ಮಹಡಿ ಮೆಟ್ಟಿಲನ್ನೇ ಇನ್ನೊಂದು ಕಡೆಗೆ ತಿರುಗಿಸಿಬಿಟ್ಟಳು. ಆ ಮನುಷ್ಯ ಗೊಣಗಿಕೊಂಡೇ ಒಪ್ಪಿದರು. ಈಗ ಮನೆಗೆ ಬಂದವರಿಗೆಲ್ಲ ಮೊದಲು ಆ ಮರ ತೋರಿಸುತ್ತಾರೆ, ತಾವೇ ಉಳಿಸಿದ ಹಾಗೆ.

ನಾನು ಈ ಮನೆಗೆ ಸೊಸೆಯಾಗಿ ಬಂದದ್ದು ತೊಂಬತ್ತೊಂದರಲ್ಲಿ. ಚಾಮರಾಜಪೇಟೆಯ ನಾಲ್ಕನೇ ಮೇನ್ ರಸ್ತೆಯಲ್ಲಿ ಹಳೆಯ ಮನೆ. ಮುಂದೆ ಒಂದು ದೊಡ್ಡ ಕೋಣೆ, ಆಮೇಲೆ ನಡುಮನೆ, ಅಡುಗೆಮನೆ, ಹಿತ್ತಿಲು. ಮಾವ ಚಂದ್ರಶೇಖರಯ್ಯನವರದು ಕಲಾಸಿಪಾಳ್ಯದಲ್ಲಿ ದ್ರಾಕ್ಷಿ ಮಂಡಿ. ರೈತರು ತಂದ ಹಣ್ಣನ್ನು ಕಮಿಷನ್ ಮೇಲೆ ಮಾರಿಸಿಕೊಡುವ ವ್ಯಾಪಾರ. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ನನ್ನ ಗಂಡ ಬಸವಪ್ರಭು ಮಂಡಿ ನೋಡಿಕೊಳ್ಳುತ್ತಿದ್ದರು. ನಾನು ಬಿ.ಕಾಂ. ಮುಗಿಸಿ, ಅದರ ಬಲದಿಂದ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ.

ಶಿವಕುಮಾರಿ ಆರ್ಕಿಟೆಕ್ಚರ್ ಓದುತ್ತೇನೆ ಎಂದಾಗ ನೆಂಟರೆಲ್ಲ ಮುಖ ಕಿವುಚಿದರಂತೆ. ಹೆಣ್ಣುಮಗಳು ಗಾರೆ ಕೆಲಸದವರ ನಡುವೆ ಬಿಸಿಲಲ್ಲಿ ನಿಂತರೆ ಗಂಡು ಸಿಗುವುದು ಹೇಗೆ ಎಂದು. ಮಾವ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮದುವೆ ಬೇಡ ಅಂದಳು, ಅದಕ್ಕೂ ಹೂಂ ಅಂದರು. ತೊಂಬತ್ತನಾಲ್ಕರಲ್ಲಿ ಅವಳು ಸ್ವಂತ ಆಫೀಸು ಮಾಡಬೇಕೆಂದಾಗ, ತಮ್ಮ ಹತ್ತಿರ ಬರುವ ದೊಡ್ಡವರನ್ನೆಲ್ಲ ಕೂರಿಸುತ್ತಿದ್ದ ಆ ಮುಂದಿನ ಕೋಣೆಯನ್ನೇ ಖಾಲಿ ಮಾಡಿ ಕೊಟ್ಟರು. ತಮಗೆ ಅಂತ ಒಂದು ಮೂಲೆ, ಒಂದು ಬೆತ್ತದ ಕುರ್ಚಿ ಮಾತ್ರ ಉಳಿಸಿಕೊಂಡರು. ಬೆಳಿಗ್ಗೆ ಅಲ್ಲಿ ಕೂತು ಪೇಪರ್ ಓದುತ್ತಾ, ಬಂದವರಿಗೆ "ಮೇಡಂ ಒಳಗಿದಾರೆ, ಕೂತ್ಕೊಳ್ಳಿ, ಬರ್ತಾರೆ" ಎನ್ನುತ್ತಿದ್ದರು. ಮೇಡಂ ಅಂದರೆ ಒಳಗೆ ಕೂತು ನನ್ನ ಜೊತೆ ಅವರೆಕಾಳು ಬಿಡಿಸುತ್ತಿದ್ದ ಸ್ವಂತ ಮಗಳು.

ಆಫೀಸು ಶುರುವಾದ ವಾರದಲ್ಲೇ ಅವಳು ನನ್ನ ಕೈಯಿಂದ ಸೌಟು ಕಿತ್ತುಕೊಂಡಳು. "ಒಲೆ ಮುಂದೆ ನಿಂತಿದ್ದು ಸಾಕು, ಬಂದು ಆಫೀಸು ನೋಡ್ಕೊಳ್ಳಿ ಅತ್ತಿಗೆ. ನನಗೆ ಗೋಡೆ ಬಿಟ್ಟು ಬೇರೇನೂ ಗೊತ್ತಾಗಲ್ಲ." ಅಡುಗೆಗೆ ಒಬ್ಬರನ್ನು ಗೊತ್ತು ಮಾಡಿದಳು, ಮಾವನನ್ನೂ ಅವಳೇ ಒಪ್ಪಿಸಿದಳು. ಅವತ್ತಿನಿಂದ ಫೋನ್ ಎತ್ತುವುದು, ಕಾರ್ಪೊರೇಷನ್ನಿಗೆ ಪ್ಲಾನ್ ಕೊಟ್ಟು ಬರುವುದು, ಮೇಸ್ತ್ರಿಗಳನ್ನು ಗದರಿಸುವುದು ಎಲ್ಲ ನನ್ನದು. ಗದರಿಸುವುದಕ್ಕೆ ನನಗೆ ತರಬೇತಿ ಏನೂ ಬೇಕಾಗಲಿಲ್ಲ. ನಾನು ನಾಲ್ಕು ಜನರ ಮುಂದೆ ನಿಂತು ಮಾತಾಡುವ ಹೆಂಗಸಾದದ್ದು ಅವಳಿಂದ, ಇದನ್ನು ಯಾರು ಕೇಳಿದರೂ ಹೇಳುತ್ತೇನೆ.

ದೊಡ್ಡಬೈರಪ್ಪ ಬಂದದ್ದು ಎರಡು ಸಾವಿರದ ಎಂಟರಲ್ಲಿ, ಒಂದು ಮಧ್ಯಾಹ್ನ. ನಂದಿ ಬೆಟ್ಟದ ಆಚೆ ಮಗ್ಗುಲಿನ ರೈತ, ಮಾವನಷ್ಟೇ ವಯಸ್ಸಾದವರು. ಮೊದಲಿಂದಲೂ ತಮ್ಮ ತೋಟದ ಕಪ್ಪು ದ್ರಾಕ್ಷಿಯನ್ನು ನಮ್ಮ ಮಂಡಿಗೇ ಹಾಕುತ್ತಿದ್ದವರು. ಮಾವ ಒಳಗೆ ಮಲಗಿದ್ದರು. ಬೈರಪ್ಪನವರು ಅದನ್ನು ವಿಚಾರಿಸಿಕೊಂಡ ಮೇಲೇ ಬಾಯಿಬಿಟ್ಟರು.

"ನಂಗೊಂದು ಮನೆ ಕಟ್ಕೊಡ್ಬೇಕಲ್ಲವ್ವ ಕುಮಾರವ್ವ."

"ಯಾರು ಇರೋದಕ್ಕೆ?"

"ಯಾರೂ ಇರಾಕಿಲ್ಲ. ಬಂದೋರು ವೈನ್ ರುಚಿ ನೋಡಿ ಓಯ್ತಾರೆ. ಟೇಸ್ಟಿಂಗ್ ರೂಮ್ ಅಂತಾರೆ ಅದ್ಕೆ."

ಶಿವಕುಮಾರಿ ನನ್ನ ಮುಖ ನೋಡಿದಳು, ನಾನು ನಡುಮನೆಯ ಬಾಗಿಲು ನೋಡಿದೆ. ಬೈರಪ್ಪನವರು ದನಿ ತಗ್ಗಿಸಿ ಎಲ್ಲ ಹೇಳಿದರು. ಸರ್ಕಾರ ವೈನ್ ಮಾಡುವವರಿಗೆ ಅನುಕೂಲ ಮಾಡಿಕೊಟ್ಟಿದೆ, ಗುಡ್ಡದ ಇಳಿಜಾರಿನಲ್ಲಿ ವೈನಿಗೆ ಅಂತಲೇ ಬೇರೆ ತಳಿ ಹಾಕಿದ್ದಾಗಿದೆ, ಫ್ಯಾಕ್ಟರಿ ಶೆಡ್ಡೂ ಎದ್ದಿದೆ. ಪಟ್ಟಣದಿಂದ ಬರುವವರು ಕೂರುವುದಕ್ಕೆ ಒಂದು ಜಾಗ ಬೇಕು. ಆಗಲೇ ಇಬ್ಬರು ಆರ್ಕಿಟೆಕ್ಟುಗಳು ಬಂದುಹೋಗಿದ್ದರು.

"ಒಬ್ರು ಕೋಟೆ ಬರ್ಕೊಂಡು ಬಂದ್ರು. ಇನ್ನೊಬ್ರು ಗಾಜಿನ ಡಬ್ಬ. ಬಂಡೆ ಪಕ್ಕ ಗಾಜಿನ ಡಬ್ಬ ಇಟ್ರೆ ಚೆಂದಾನಾ? ಮೊದ್ಲಿಂದ್ಲೂ ಅಲ್ಲೇ ಇದ್ದಂಗಿರ್ಬೇಕು. ಆ ಸಂಪಿಗೆ ಮರದ ಮನೆ ಮಾಡಿದ್ಯಲ್ಲ, ಅಂಗೆ. ನಿಮ್ಮಪ್ಪ ಆ ಮರದ ಕತೇನ ನಂಗೆ ಎಷ್ಟು ಸಲ ಹೇಳವ್ರೋ."

"ಅಪ್ಪಾಜಿಗೆ ಈ ವಿಷ್ಯ ಹೇಳಿದೀರಾ?"

"ಇಲ್ಲ ಕಣವ್ವ. ಸಾವ್ಕಾರ್ರ ಮುಂದೆ ವೈನ್ ಅನ್ನಕ್ಕೆ ನಂಗೆ ಧೈರ್ಯ ಇಲ್ಲ. ನೀನೇ ಹೇಳು."

ಅವರು ಹೆದರಿದ್ದರಲ್ಲಿ ತಪ್ಪಿರಲಿಲ್ಲ. ಮಾವ ಮಠದ ಕಮಿಟಿಯಲ್ಲಿದ್ದವರು, ಹಣೆಯ ಮೇಲಿನ ವಿಭೂತಿ ಅಳಿಸುವುದಕ್ಕೆ ಬಿಡದವರು. ಮಂಡಿಯಲ್ಲಿ ಹಣ್ಣು ಕೊಳೆತರೆ, ಅದನ್ನು ಕೊಂಡು ಸಾರಾಯಿ ಕಾಯಿಸುವ ಜನ ಗೋಣಿಚೀಲ ಹಿಡಿದು ಬಂದು ನಿಲ್ಲುತ್ತಿದ್ದರು. ಮಾವ ಅಷ್ಟನ್ನೂ ತಿಪ್ಪೆಗೆ ಹಾಕಿಸುತ್ತಿದ್ದರೇ ಹೊರತು ಅವರಿಗೆ ಒಂದು ಗೊಂಚಲೂ ಕೊಡುತ್ತಿರಲಿಲ್ಲ. ದ್ರಾಕ್ಷಿಯಿಂದ ಊಟ ಮಾಡುವ ಮನೆ ಇದು, ದ್ರಾಕ್ಷಿಯಿಂದ ಇನ್ನೊಬ್ಬರ ಮನೆ ಹಾಳಾಗಬಾರದು ಎನ್ನುವುದು ಅವರ ಲೆಕ್ಕ.

ಶಿವಕುಮಾರಿಗೆ ಆ ಕೆಲಸ ಬೇಕಿತ್ತು. ತಾನಾಗಿ ಬಂದು ಬೆಟ್ಟ, ಬಂಡೆ, ಇಳಿಜಾರು ಕೊಟ್ಟು, ಇದಕ್ಕೆ ಹೊಂದುವ ಹಾಗೆ ಮಾಡಿಕೊಡು ಎನ್ನುವವರು ಯಾರಿಗೆ ಸಿಗುತ್ತಾರೆ? ಮೂವತ್ತು-ನಲವತ್ತರ ಸೈಟುಗಳಲ್ಲಿ ಅವಳ ಅರ್ಧ ಆಯುಷ್ಯ ಕಳೆದುಹೋಗಿತ್ತು. ಆ ಸಂಜೆ ಕಾಫಿ ಕೊಡುತ್ತಾ, "ಬೈರಪ್ಪನೋರಿಗೆ ತೋಟದ ಮನೆ ಮಾಡಿಕೊಡ್ತಿದೀನಿ ಅಪ್ಪಾಜಿ" ಎಂದಳು. ಮಾವ ಸಂತೋಷದಿಂದ "ಒಳ್ಳೇ ಮನುಷ್ಯ, ಚೆನ್ನಾಗಿ ಮಾಡ್ಕೊಡು" ಎಂದರು. ನಾನು ಲೋಟ ಎತ್ತಿಕೊಂಡು ಒಳಗೆ ಹೋದೆ.

ಜಾಗ ನೋಡುವುದಕ್ಕೆ ಅವಳ ಮಾರುತಿಯಲ್ಲಿ ಇಬ್ಬರೂ ಹೋದೆವು. ದ್ರಾಕ್ಷಿ ಸಾಲುಗಳ ಮೇಲುಗಡೆ ಒಂದು ಭಾರಿ ಬಂಡೆ, ಅದರ ಕೆಳಗೆ ಕೆಮ್ಮಣ್ಣಿನ ಇಳಿಜಾರು, ದೂರಕ್ಕೆ ಬೆಟ್ಟದ ಸಾಲು. ಅವಳು ಟೇಪು ಬಿಚ್ಚಲೇ ಇಲ್ಲ. ಬಂಡೆಯ ಮೇಲೆ ಕೂತು ನೆರಳು ಯಾವ ಕಡೆ ಸರಿಯುತ್ತದೆ ಎಂದು ನೋಡುತ್ತಲೇ ಇದ್ದಳು. ನಾನು ಬೈರಪ್ಪನವರ ಮನೆಯಲ್ಲಿ ಮುದ್ದೆ ಉಂಡು, ಒಂದು ನಿದ್ದೆ ಮುಗಿಸಿ ಬಂದರೂ ಅಲ್ಲೇ ಇದ್ದಳು. ಹೊರಡುವಾಗ ಎರಡು ಕವರಿನಲ್ಲಿ ಮಣ್ಣು, ಒಂದು ಚೂರು ಕಲ್ಲು ತಂದಳು.

ಅವಳು ಮಾಡಿದ ಮಾದರಿ ನೋಡಿ ನನಗೇ ಹೆಮ್ಮೆಯಾಯಿತು. ಬಂಡೆಯೇ ಹಿಂದಿನ ಗೋಡೆ. ಮನೆ ಅರ್ಧ ನೆಲದೊಳಕ್ಕೆ ಇಳಿದಿದೆ. ಪಕ್ಕದ ಗೋಡೆಗಳು ಅಲ್ಲಿನದೇ ಕಲ್ಲಿನ ಚಪ್ಪಡಿ, ಅದೇ ಕೆಂಪು ಮಣ್ಣಿನ ಗಿಲಾವು. ಮಾಡಿನ ಮೇಲೆ ಮಣ್ಣು ಹರಡಿ ಹುಲ್ಲು. ರಸ್ತೆಯಲ್ಲಿ ಹೋಗುವವರಿಗೆ ಅಲ್ಲೊಂದು ಕಟ್ಟಡ ಇದೆ ಎಂದೇ ಗೊತ್ತಾಗುವ ಹಾಗಿಲ್ಲ. ಬಾಗಿಲು ಕೂಡ ನೇರ ಕಾಣುತ್ತಿರಲಿಲ್ಲ, ಎರಡು ಸಲ ತಿರುಗಿ ಒಳಗೆ ಹೋಗಬೇಕು. ಕಿಟಕಿ ಬದಲು ಮೇಲೆ ಒಂದಿಷ್ಟು ಸಂದು, ಗಾಳಿಗೆ.

ಅದನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಗುವಿನ ಹಾಗೆ ಕೂರಿಸಿಕೊಂಡು ಹೋಗಿ ಬೈರಪ್ಪನವರ ಜಗಲಿಯ ಮೇಲೆ ಇಟ್ಟೆವು. ವೈನ್ ಮಾಡುವುದನ್ನು ಓದಿಕೊಂಡು ಬಂದಿದ್ದ ಆರಾಧನಾ ಎಂಬ ಹುಡುಗಿಯೂ ಅಲ್ಲಿದ್ದಳು, ಅವರೇ ಕೆಲಸಕ್ಕೆ ಇಟ್ಟುಕೊಂಡವಳು. ಬೈರಪ್ಪನವರು ಮಾದರಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಗ್ಗಿ, ಬಾಗಿಲು ಹುಡುಕಿದರು.

"ಏನವ್ವ, ಕಳ್ಳಭಟ್ಟಿ ಕಾಯಿಸೋ ಮನೆ ಮಾಡಿಟ್ಟಿದೀಯಲ್ಲ," ಎಂದರು.

ಆರಾಧನಾ ನಗು ತಡೆದುಕೊಂಡು ಮೆಲ್ಲಗೆ ವಿವರಿಸಿದಳು. ರುಚಿ ನೋಡುವವರು ಮೊದಲು ಲೋಟವನ್ನು ಬೆಳಕಿಗೆ ಹಿಡಿದು ಬಣ್ಣ ನೋಡುತ್ತಾರೆ, ಆಮೇಲೆ ವಾಸನೆ, ಆಮೇಲೆ ಒಂದು ಗುಟುಕು ಬಾಯಲ್ಲಿ ಆಡಿಸಿ ಉಗುಳುವುದು. ಉಗುಳುವುದಕ್ಕೆ ಇಷ್ಟು ಕಷ್ಟಪಟ್ಟು ಯಾಕೆ ಮಾಡುತ್ತೀರಿ ಎಂದು ನಾನು ಕೇಳಿಯೇಬಿಟ್ಟೆ. "ಎಲ್ಲ ನುಂಗಿದ್ರೆ ಮೂರನೇದರ ರುಚಿ ಗೊತ್ತಾಗಲ್ಲ ಆಂಟಿ," ಎಂದಳು. ಆಮೇಲೆ ಶಿವಕುಮಾರಿಯ ಕಡೆ ತಿರುಗಿ, "ಮೇಡಂ, ಬಂಡೆ, ಮಣ್ಣು, ಹುಲ್ಲು ಎಲ್ಲ ತುಂಬ ಚೆನ್ನಾಗಿದೆ. ಆದ್ರೆ ಇದರೊಳಗೆ ಹಗಲಲ್ಲೂ ಬಣ್ಣ ಕಾಣಲ್ಲ. ಆ ತೋಟ ನೋಡ್ಕೊಂಡು ಕುಡೀಬೇಕು ಅಂತಲೇ ಅಲ್ವಾ ಅವರು ಇಲ್ಲೀವರೆಗೂ ಬರೋದು?" ಎಂದಳು.

ಶಿವಕುಮಾರಿಯನ್ನು ದೂರಿ ಏನು ಪ್ರಯೋಜನ? ನಾನೂ ಅವಳೂ ಜನ್ಮದಲ್ಲಿ ಕಂಡ ಕುಡಿಯುವ ಜಾಗ ಎಂದರೆ ಮಾರ್ಕೆಟ್ಟಿನ ಹಿಂದಿನ ಬಾರು. ಬಾಗಿಲಿಗೆ ಪರದೆ, ಕಿಟಕಿಗೆ ಬಣ್ಣ ಬಳಿದ ಗಾಜು. ಒಳಗೆ ಹೋಗುವವನು ಒಮ್ಮೆ ಹಿಂದೆ ತಿರುಗಿ, ಗುರುತಿನ ಚಿಕ್ಕಪ್ಪ ದೊಡ್ಡಪ್ಪ ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು ನುಗ್ಗುತ್ತಾನೆ. ಬರುವವರಿಗೆ ಮುಜುಗರ ಆಗಬಾರದು ಎಂದು ಇವಳು ಪಾಪ ಪ್ರೀತಿಯಿಂದ ಎರಡು ತಿರುವು ಇಟ್ಟು, ಕಿಟಕಿ ಕಿತ್ತುಹಾಕಿದ್ದಳು. ಚಾಮರಾಜಪೇಟೆಯವರಲ್ಲದೆ ಬೇರೆ ಯಾರೂ ಮಾಡದ ತಪ್ಪು ಅದು.

ವಾಪಸು ಬರುವಾಗ ದೇವನಹಳ್ಳಿ ದಾಟಿದ್ದೆವು. ನಾನು ನಕ್ಕು ಹಗುರ ಮಾಡೋಣ ಎಂದುಕೊಳ್ಳುವಷ್ಟರಲ್ಲಿ ಅವಳು ಕಾರನ್ನು ರಸ್ತೆ ಪಕ್ಕ ನಿಲ್ಲಿಸಿದಳು.

"ಜಾಗದ ಜೊತೆ ಹೊಂದಿಸ್ತಿದೀನಿ ಅಂದ್ಕೊಂಡಿದ್ದೆ ಅತ್ತಿಗೆ. ಬಚ್ಚಿಡ್ತಿದ್ದೆ. ಅಪ್ಪಾಜಿ ಕಣ್ಣಿಗೆ ಬೀಳದ ಹಾಗೆ ಕಟ್ತಿದ್ದೆ ಅಷ್ಟೆ."

"ಹಾಗಾದ್ರೆ ಹೇಳ್ಬಿಡು."

"ಹೇಳಿದ್ರೆ ನನ್ನ ಜೊತೆ ಮಾತು ಬಿಟ್ಬಿಡ್ತಾರೆ."

"ಬಿಟ್ರೆ ನಾನಿದೀನಿ, ಮಾತಾಡೋದಕ್ಕೆ. ನನಗೇನು ಮಾತಿಗೆ ಬರವಾ?" ಎಂದೆ. ಆಗ ಸ್ವಲ್ಪ ನಕ್ಕಳು, ಕಣ್ಣು ಒರೆಸಿಕೊಂಡು ಗಾಡಿ ತೆಗೆದಳು.

ಮನೆಗೆ ಹೋದವಳೇ ಮಾದರಿಯನ್ನು ಮಾವನ ಮುಂದಿಟ್ಟು, "ಇದು ತೋಟದ ಮನೆ ಅಲ್ಲ ಅಪ್ಪಾಜಿ. ವೈನ್ ರುಚಿ ನೋಡೋ ಜಾಗ. ನಿಮಗೆ ಸುಳ್ಳು ಹೇಳಿದೆ. ಬೇಡ ಅಂದ್ರೆ ಬಿಟ್ಬಿಡ್ತೀನಿ" ಎಂದಳು. ಮಾವ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು, ಮತ್ತೆ ಹಾಕಿಕೊಂಡರು. ಬೈಯುತ್ತಾರೆ ಎಂದುಕೊಂಡೆ, ಬೈಯಲಿಲ್ಲ.

"ಬೇಡ ಅನ್ನೋದಕ್ಕೆ ನಿನ್ನನ್ನ ಓದಿಸ್ಲಿಲ್ಲ ಕಣಮ್ಮ. ಆದ್ರೆ ಮಠದೋರು, ಮಂಡಿಯೋರು, ನಾಕು ಜನ ಬಂದು ನಿಮ್ಮ ಮಗಳು ಏನು ಕಟ್ತಿದಾಳೆ ಅಂತ ಕೇಳಿದ್ರೆ ನಾನೇನು ಹೇಳ್ಲಿ? ಅದೊಂದು ಹೇಳು."

ಅವಳು ಮಾದರಿ ಎತ್ತಿಕೊಂಡು ಮುಂದಿನ ಕೋಣೆಗೆ ಹೋದಳು. ಮಾರನೆಯ ಬೆಳಿಗ್ಗೆ ಮಾವ ಬೆತ್ತದ ಕುರ್ಚಿಯನ್ನು ಹಿತ್ತಿಲಿಗೆ ಎತ್ತಿಕೊಂಡು ಹೋದರು.

ಅಲ್ಲಿಂದ ಮುಂದೆ ಅವರು ಆಫೀಸಿನ ಹೊಸ್ತಿಲು ತುಳಿಯಲಿಲ್ಲ. ಊಟ ಆಯ್ತಾ, ಔಷಧಿ ತಂದೆಯಾ, ಇಷ್ಟೇ ಮಾತು. ಬಂದ ಜನ, ಯಜಮಾನರು ಎಲ್ಲಿ ಎಂದು ಕೇಳುವಾಗ ಶಿವಕುಮಾರಿಯ ಮುಖ ಸಣ್ಣದಾಗುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಪೇಪರನ್ನು ಹಿತ್ತಿಲಿಗೆ ಕೊಂಡೊಯ್ದು ಕೊಡುವುದನ್ನು ನಿಲ್ಲಿಸಿಬಿಟ್ಟೆ. "ಮುಂದಿನ ಕೋಣೇಲಿ ಇದೆ ಮಾವ, ಬಂದು ಓದಿ" ಎಂದೆ. ಅವರು ಮಾರನೆಯ ದಿನದಿಂದ ಬೀದಿ ಕೊನೆಯ ಅಂಗಡಿಗೆ ಹೋಗಿ ಅದೇ ಪೇಪರ್ ಇನ್ನೊಂದು ಕೊಂಡು ತರತೊಡಗಿದರು. ಹಠದಲ್ಲಿ ಅಪ್ಪ ಮಗಳು ಇಬ್ಬರೂ ಒಂದೇ. ಆ ವರ್ಷವೆಲ್ಲ ನಮ್ಮ ಮನೆಗೆ ಒಂದೇ ಪೇಪರು ಎರಡೆರಡು ಬಂತು.

ಆದರೆ ಅವಳು ಕೆಲಸ ಬಿಡಲಿಲ್ಲ. ಬಂಡೆ, ಮಣ್ಣು, ಹುಲ್ಲು ಹಾಗೇ ಇಟ್ಟುಕೊಂಡು ಉಳಿದದ್ದನ್ನೆಲ್ಲ ಹೊಸದಾಗಿ ಬರೆದಳು. ಎರಡು ತಿರುವು ಹೋಗಿ ಅಗಲವಾದ ಮೆಟ್ಟಿಲು ಬಂತು. ಕಣಿವೆಯ ಕಡೆಯ ಗೋಡೆ ಪೂರ್ತಿ ತೆರೆದು, ಇಡೀ ಉದ್ದಕ್ಕೆ ಕಿಟಕಿ. ಕಿಟಕಿಯ ಕೆಳಗೆ ಕೂರುವುದಕ್ಕೆ ಕಲ್ಲಿನ ಕಟ್ಟೆ. ಲೋಟ ಇಟ್ಟು ಬಣ್ಣ ನೋಡುವುದಕ್ಕೆ ಬಿಳಿಯ ಕಲ್ಲಿನ ಹಲಗೆ. ಬಾಯಿ ತೊಳೆಯುವುದಕ್ಕೆ ಪಕ್ಕದಲ್ಲೇ ಕಲ್ಲಿನ ದೋಣಿ, ಅದರಲ್ಲಿ ಸದಾ ನೀರು. ದೋಣಿ ನನ್ನ ಸಲಹೆ. ಎಂಜಲು ಬಾಯಿ ಮುಕ್ಕಳಿಸದೆ ಇನ್ನೊಂದನ್ನು ಬಾಯಿಗೆ ಇಡುವುದು ನನಗೆ ಸರಿಕಾಣಲಿಲ್ಲ. ಆರಾಧನಾ ಕೂಡ, ಇದು ಬೇಕೇ ಬೇಕು ಎಂದು ಒಪ್ಪಿದಳು.

ಕಲ್ಲಿನವರು ಚಪ್ಪಡಿಯನ್ನು ನುಣ್ಣಗೆ ಮಾಡಿ ತಂದರೆ ಅವಳು ವಾಪಸು ಕಳಿಸುತ್ತಿದ್ದಳು. "ಬಂಡೆ ಒರಟಾಗಿದೆ, ಪಕ್ಕದಲ್ಲಿ ಇದೊಂದು ಯಾಕೆ ಪೌಡರ್ ಹಾಕ್ಕೊಂಡು ನಿಲ್ಲಬೇಕು?" ಎಂದು. ಒಂದು ಮಳೆಗಾಲ ಹೋಗಿ ಮಾಡಿನ ಮೇಲೆ ಹುಲ್ಲು ಬಂದಮೇಲೆ ನಾನು ನೋಡಿದೆ. ದೂರದಿಂದ ಇಳಿಜಾರೇ ಕಾಣುತ್ತಿತ್ತು. ಹತ್ತಿರ ಬಂದರೆ ಮೆಟ್ಟಿಲು ಕರೆಯುತ್ತಿತ್ತು. ಒಳಗೆ ಕಾಲಿಟ್ಟರೆ ಕಣಿವೆಯಷ್ಟೂ ಕಣ್ಣ ಮುಂದೆ. ಬೈರಪ್ಪನವರು ಕಟ್ಟೆಯ ಮೇಲೆ ಕೂತು ತಮ್ಮದೇ ತೋಟವನ್ನು ಮೊದಲ ಸಲ ನೋಡುವವರ ಹಾಗೆ ನೋಡುತ್ತಿದ್ದರು. ಶಿವಕುಮಾರಿ ಮಾತ್ರ ಹೊರಗೆ ನಿಂತೇ ಇದ್ದಳು. ಎಲ್ಲರೂ ಹೊಗಳಿದರೂ ಅವಳಿಗೆ ಬೇಕಾಗಿದ್ದದ್ದು ಒಬ್ಬರ ಮಾತು, ಅವರು ಚಾಮರಾಜಪೇಟೆಯ ಹಿತ್ತಿಲಲ್ಲಿ ಕೂತಿದ್ದರು.

ಶುರು ಮಾಡುವುದಕ್ಕೆ ಎರಡು ದಿನ ಮೊದಲು ಬೈರಪ್ಪನವರು ಎಲೆ ಅಡಿಕೆ ಹಿಡಿದು ಕರೆಯಲು ಬಂದರು. ಈ ಸಲ ನೇರ ಹಿತ್ತಿಲಿಗೇ ಹೋದರು.

"ಆ ಜಾಗಕ್ಕೆ ನಾನು ಬರೋನಲ್ಲ ಬೈರಪ್ಪ," ಎಂದರು ಮಾವ.

"ಅದು ಆ ಜಾಗ ಆಗೋದು ನಾಡಿದ್ದಿಂದ ಸಾವ್ಕಾರ್ರೆ. ನಾಳೆ ಬರೀ ಕಲ್ಲಿನ ಮನೆ. ಒಂದು ಸೀಸೆನೂ ಒಳೀಕೆ ಇಟ್ಟಿಲ್ಲ. ನಿಮ್ ಮಗಳು ಕಟ್ಟವ್ಳೆ, ನೀವು ನೋಡ್ದಿದ್ರೆ ನಂಗೇ ಒಂಥರಾ ಆಯ್ತದೆ."

ಮಾವ ಎಲೆ ಅಡಿಕೆ ತೆಗೆದುಕೊಂಡರು. ಮಾರನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಸ್ನಾನ ಮುಗಿಸಿ, ಬಿಳಿ ಪಂಚೆ ಉಟ್ಟು, ಹೆಗಲಿಗೆ ವಲ್ಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. "ಗಾಡಿ ತೆಗಿ. ನೋಡಿಕೊಂಡು ಬಂದು ಇಲ್ಲೇ ಪೂಜೆ ಮಾಡ್ತೀನಿ," ಎಂದು ಶಿವಕುಮಾರಿಗೆ ಹೇಳಿದರು. ಅವಳು ಕೀ ಹುಡುಕುವುದಕ್ಕೇ ಒದ್ದಾಡಿಬಿಟ್ಟಳು.

ನಮ್ಮಲ್ಲಿ ಲಿಂಗಪೂಜೆ ಆಗದೆ ಮಾವನಂಥವರು ಒಂದು ಗುಟುಕು ನೀರನ್ನೂ ಮುಟ್ಟುವುದಿಲ್ಲ. ಬೇಗ ಹೋಗಿ ಬೇಗ ಬರಬಹುದು ಎಂಬ ಧೈರ್ಯದಲ್ಲಿ ಹೊರಟದ್ದು. ಹೆಬ್ಬಾಳ ದಾಟುತ್ತಲೇ ಏರ್‌ಪೋರ್ಟಿಗೆ ಹೋಗುವ ಗಾಡಿಗಳೆಲ್ಲ ಸಾಲಾಗಿ ನಿಂತಿದ್ದವು, ಮುಂದೆ ಎಲ್ಲೋ ಲಾರಿ ಮಗುಚಿಕೊಂಡಿತ್ತು. ನಾವು ತೋಟ ಮುಟ್ಟಿದಾಗ ಬಿಸಿಲು ಸುಡುತ್ತಿತ್ತು. ಎಪ್ಪತ್ತೆಂಟು ವರ್ಷದ ಮನುಷ್ಯ, ಸಕ್ಕರೆ ಕಾಯಿಲೆ ಬೇರೆ. ಅವರ ತುಟಿ ಒಣಗಿಹೋಗಿತ್ತು.

ಬೈರಪ್ಪನವರು ಗಾಬರಿಯಾಗಿ, "ನಮ್ಮನೇಲಿ ದೇವ್ರ ಕೋಣೆ ಐತೆ ಸಾವ್ಕಾರ್ರೆ, ನಡೀರಿ, ಅಲ್ಲೇ ಪೂಜೆ ಮುಗ್ಸಿ" ಎಂದರು. ಮಾವ ಕೇಳಿಸಿಕೊಂಡರೋ ಇಲ್ಲವೋ, ಮೆಟ್ಟಿಲು ಇಳಿಯುತ್ತಿದ್ದರು. ಒಳಗೆ ಹೋಗಿ ಬಂಡೆಯ ಮೇಲೆ ಕೈಯಿಟ್ಟರು. ಗೋಡೆ ಸವರಿದರು. ಕಿಟಕಿಯ ಮುಂದೆ ಬಹಳ ಹೊತ್ತು ನಿಂತರು. ನಾವು ಮೂವರೂ ಹಿಂದೆ ನಿಂತಿದ್ದೆವು. ಆಮೇಲೆ ಅವರು ಕಟ್ಟೆಯ ಮೇಲೆ ಪೂರ್ವಕ್ಕೆ ಮುಖಮಾಡಿ ಪದ್ಮಾಸನ ಹಾಕಿ ಕೂತರು.

"ಕುಮಾರಿ, ಪೂಜೆಗೆ ನೀರು ತಗೊಂಡ್ಬಾ. ಬರೋ ದಾರೀಲಿ ತುಂಬೆ ಹೂವಿತ್ತು, ಅದನ್ನೂ ಒಂದಿಷ್ಟು ಬಿಡಿಸ್ಕೊಂಡ್ಬಾ."

"ಇಲ್ಲೇನಾ ಅಪ್ಪಾಜಿ?" ಎಂದಳು ಅವಳು.

"ಲಿಂಗ ನನ್ನ ಮೈಮೇಲಿದೆ. ನಾನು ಇಲ್ಲಿ ಕೂತಿದೀನಿ. ಇನ್ನೆಲ್ಲಿ ಮಾಡ್ಲಿ?"

ಅವಳು ಓಡಿದಳು. ಮಾವ ಹಣೆಗೆ ವಿಭೂತಿ ಹಚ್ಚಿ, ಕೊರಳಲ್ಲಿದ್ದ ಲಿಂಗದ ಕರಡಿಗೆ ಬಿಚ್ಚಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ನೀರೆರೆದರು. ತುಂಬೆ ಹೂವು ಏರಿಸಿದರು. ಆ ಕಿಟಕಿಯ ಬೆಳಕು ಅವರ ಅಂಗೈ ಮೇಲೆ ಬಿದ್ದಿತ್ತು. ಮನೆಯಲ್ಲಿ ಬೇಗ ಮುಗಿಸುವವರು ಅಲ್ಲಿ ಏಳಲೇ ಇಲ್ಲ. ನೈವೇದ್ಯಕ್ಕೆ ಏನೂ ತಂದಿರಲಿಲ್ಲವಲ್ಲ ಎಂದು ನಾನು ಪೇಚಾಡುತ್ತಿರುವಾಗ ಬೈರಪ್ಪನವರು ಹಿಂಜರಿಯುತ್ತಾ ಒಂದು ಗೊಂಚಲು ದ್ರಾಕ್ಷಿ ಹಿಡಿದು ಬಂದರು. ವೈನಿಗೆ ಹಾಕಿದ ತಳಿ, ಸಣ್ಣ ಕಾಯಿ, ಗಟ್ಟಿ ಸಿಪ್ಪೆ. ಮಾವ ಅದನ್ನು ಗುರುತಿಸದೇ ಇರುತ್ತಾರೆಯೇ, ಜೀವಮಾನವೆಲ್ಲ ದ್ರಾಕ್ಷಿ ನೋಡಿದವರು. ಒಂದು ಕ್ಷಣ ಗೊಂಚಲನ್ನು ತಿರುಗಿಸಿ ನೋಡಿ, ತೊಳೆದು, ಲಿಂಗಕ್ಕೆ ಅರ್ಪಿಸಿದರು.

ಪೂಜೆ ಮುಗಿಸಿ ಮೊದಲು ಬೈರಪ್ಪನವರಿಗೆ, ಆಮೇಲೆ ನನಗೆ ಪ್ರಸಾದ ಕೊಟ್ಟರು. ಬೈರಪ್ಪನವರಿಗೆ ಎರಡೂ ಕೈ ಜೋಡಿಸಿ, "ಶರಣು ಬೈರಪ್ಪ. ನನ್ನ ಮಗಳಿಗೆ ನೀನು ಈ ಜಾಗ ಕೊಟ್ಟೆ," ಎಂದರು. ಆ ಮುದುಕ ಬಾಯಿಗೆ ಟವಲ್ ಅಡ್ಡ ಇಟ್ಟುಕೊಂಡು ಆಚೆ ತಿರುಗಿದರು. ಕೊನೆಗೆ ಮಾವ ಮಗಳ ಅಂಗೈಗೆ ನಾಲ್ಕು ದ್ರಾಕ್ಷಿ ಹಾಕಿದರು. ನನಗೆ ಆ ಹೊತ್ತು ದೇವರಿಗಿಂತ ಜಾಸ್ತಿ ಮಾವನಿಗೇ ಕೈಮುಗಿಯಬೇಕು ಅನ್ನಿಸಿತು. ಮುಗಿದೆ ಕೂಡ.

ಅಷ್ಟರಲ್ಲಿ ನನ್ನ ಮೊಬೈಲು ಹೊಡೆದುಕೊಂಡಿತು. ಮಂಡಿಯಿಂದ ನಮ್ಮ ಯಜಮಾನರು. ಅಪ್ಪಾಜಿ ಎಲ್ಲಿ, ಪೂಜೆ ಆಯ್ತಾ, ಏನಾದರೂ ತಿಂದರಾ, ಮಠದ ಕಮಿಟಿಯವರು ಬಂದು ಕೂತಿದ್ದಾರೆ, ಕೇಳುತ್ತಿದ್ದಾರೆ ಎಂದರು. ಏನು ಹೇಳುವುದೆಂದು ತೋಚದೆ ಮಾವನ ಕೈಗೆ ಫೋನ್ ಕೊಟ್ಟೆ. ಫೋನಿನಲ್ಲಿ ಮಾತಾಡುವಾಗ ಅವರು ಮಂಡಿಯಲ್ಲಿ ಹರಾಜು ಕೂಗುವ ಹಾಗೇ ಕೂಗುತ್ತಾರೆ.

"ಆಯ್ತಪ್ಪ ಪೂಜೆ. ಇಲ್ಲೇ, ಬೈರಪ್ಪನ ತೋಟದಲ್ಲಿ, ನಮ್ಮ ಶಿವಕುಮಾರಿ ಕಟ್ಟಿದ ವೈನ್ ಮನೇಲಿ. ಹೌದು, ವೈನ್ ಮನೆ. ಅವರೂ ಕೇಳ್ತಿದಾರಾ? ಅವರಿಗೂ ಹೇಳು."

ಫೋನನ್ನು ನನಗೆ ವಾಪಸು ಕೊಟ್ಟು ಮಗಳ ಕಡೆ ನೋಡಿದರು. ಅವಳು ಪ್ರಸಾದ ಹಿಡಿದ ಕೈಯನ್ನು ಹಾಗೇ ಚಾಚಿಕೊಂಡು ನಿಂತಿದ್ದಳು, ಕಣ್ಣೀರು ಗಲ್ಲದಿಂದ ಇಳಿಯುತ್ತಿತ್ತು.

"ತಿನ್ನಮ್ಮ, ಹಾಗೇ ಇಟ್ಕೊಂಡಿದೀಯಲ್ಲ," ಎಂದರು ಮಾವ.

ಅವಳು ತಿಂದಳು.